ಪಾತ್ರೆಯವಳು ಬೇಡವೆಂದ ಬಟ್ಟೆ

'ಯುಗಾದಿ ಮುಂಚೆ ಬೀದಿಯವರೆಲ್ಲ ಸೇರಿ 12 ಮೂಟೆ ಹಳೇ ಬಟ್ಟೆ ಒಟ್ಟುಮಾಡಿದೆವು. ಹಾಸ್ಟೆಲಿನವರು ಎರಡು ಇಟ್ಟುಕೊಂಡು ಉಳಿದದ್ದು ವಾಪಸು ಕಳಿಸಿದರು. ಏನು ಮಾಡೋಣ?' ಎಂದು ಗುಬ್ಬಿಯ ಓದುಗರೊಬ್ಬರು ಬರೆದಿದ್ದಾರೆ.

ಹಾಸ್ಟೆಲಿನವರದು ತಪ್ಪಿಲ್ಲ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಾಗಿಲಲ್ಲಿ ಕೂತು ಆರಿಸುವುದನ್ನು ನೋಡಿದ್ದೀರಲ್ಲ? ಸೀರೆಯನ್ನು ಬೆಳಕಿಗೆ ಹಿಡಿಯುತ್ತಾಳೆ, ಕಾಲರಿನ ಮಡಿಕೆ ಮುಟ್ಟುತ್ತಾಳೆ, ಪ್ಯಾಂಟಿನ ತೊಡೆಸಂದಿ ಎಳೆದು ನೋಡುತ್ತಾಳೆ. ಅವಳು ಪಕ್ಕಕ್ಕೆಸೆದದ್ದು ದಾನಕ್ಕೂ ಆಗದು. ನೀವೂ ಮೂಟೆ ಬಿಚ್ಚಿ ಹಾಗೇ ಆರಿಸಿ. ಒಗೆದು, ದಿನಪೂರ್ತಿ ಬಿಸಿಲಿಗೆ ಹಾಕಿ. ಒಂದು ಹಸಿ ಟವೆಲ್ ಸಾಕು, ಮೂಟೆಗೆಲ್ಲ ಬೂಷ್ಟು ಹಿಡಿಯಲು. ಅರಿಶಿನದ ಕಲೆ ಸೋಪಿಗೆ ಕೆಂಪಾದರೆ ಗಾಬರಿ ಬೇಡ, ಬಿಸಿಲಲ್ಲಿ ಅದು ಇಳಿಯುತ್ತದೆ.

ಜಿಪ್ ಬಾಯಿ ಬಿಟ್ಟರೆ ಹಲ್ಲಿನ ದೋಷ ಕಡಿಮೆ. ಎಳೆಯುವ ರನ್ನರ್ ಸಡಿಲವಾಗಿರುತ್ತದೆ. ಅದನ್ನು ತಳಕ್ಕಿಳಿಸಿ, ಹಿಂಬದಿಯ ಎರಡೂ ಅಂಚನ್ನು ಇಕ್ಕಳದಿಂದ ಸ್ವಲ್ಪ ಸ್ವಲ್ಪವೇ ಒತ್ತಿ. ಜೋರು ಮಾಡಿದರೆ ಬಿರಿಯುತ್ತದೆ. ಹೊಸ ರನ್ನರ್ ತರುವುದಾದರೆ ಹಿಂಭಾಗದ ನಂಬರ್ (3, 5) ನೋಡಿಕೊಳ್ಳಿ. ಲೋಹದ ಹಲ್ಲಿನ ಜಿಪ್ಪಿನ ರನ್ನರ್ ಪ್ಲಾಸ್ಟಿಕ್ ಹಲ್ಲಿನ ಜಿಪ್ಪಿಗೆ ಹೊಂದದು.

ತೊಡೆಯ ತೇಪೆ ಎರಡೇ ಒಗೆತಕ್ಕೆ ಕಿತ್ತು ಬರುವುದು ಏಕೆಂದರೆ, ತೂತಿನಷ್ಟೇ ತೇಪೆ ಹಾಕಿ ಸವೆದ ನೂಲಿಗೇ ಹೊಲಿಗೆ ಕೊಟ್ಟಿರುತ್ತಾರೆ. ಬೆಳಕಿಗೆ ಹಿಡಿದು ಸವೆತ ಎಲ್ಲಿಗೆ ಮುಗಿಯುತ್ತದೋ ನೋಡಿ, ಅಲ್ಲಿಂದಾಚೆ ಒಂದಿಂಚು ಬಿಟ್ಟು ಒಳಗಡೆಯಿಂದ ಹೊಲಿಯಿರಿ. ತೇಪೆಯ ನೂಲಿನ ದಿಕ್ಕು ಪ್ಯಾಂಟಿನ ದಿಕ್ಕಿಗೇ ಇರಲಿ. ಹಳೇ ಪ್ಯಾಂಟಿನ ಕಾಲೇ ಒಳ್ಳೆಯದು. ಹೊಸ ಕಾಟನ್ ಒಗೆದ ಮೇಲೆ ಕುಗ್ಗಿ ಸುಕ್ಕುಗಟ್ಟುತ್ತದೆ.

ಜೀರ್ಣವಾದ ಕಾಟನ್ ಸೀರೆಗೆ ಕೌದಿಗಿಂತ ಒಳ್ಳೆಯ ಗತಿ ಇಲ್ಲ. ಐದೂವರೆ ಮೀಟರಿನ ಸೀರೆಯನ್ನು ಮೂರು ತುಂಡು ಮಾಡಿದರೆ ಒಬ್ಬರ ಹಾಸಿಗೆಗೆ ಮೂರು ಪದರ. ಎರಡು ಸೀರೆಗೆ ಆರು. ಮೊದಲು ಗೇಣಿಗೊಂದು ಸಾಲಿನಂತೆ, ನಡುವಿನಿಂದ ಅಂಚಿಗೆ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಕೆಳಪದರ ಜರುಗಿ ಮೂಲೆಯಲ್ಲಿ ಗಂಟುಗಟ್ಟುತ್ತದೆ. ಆಮೇಲೆ ಬೆರಳಗಲಕ್ಕೊಂದು ಸಾಲು. ಪಾಲಿಯೆಸ್ಟರ್ ಬೆರೆಸಬೇಡಿ, ಕಾಟನ್ ಕುಗ್ಗಿದಷ್ಟು ಅದು ಕುಗ್ಗದು. ನೀರೂ ಹೀರದು, ಒರೆಸುವುದಕ್ಕೂ ದಂಡ. ಗುಂಡಿ, ಜಿಪ್ ಕಿತ್ತು ಸಣ್ಣಗೆ ಕತ್ತರಿಸಿ ದಿಂಬಿಗೆ ತುಂಬಿ, ಸುಡಬೇಡಿ.

ಯೂನಿಫಾರ್ಮನ್ನು ಅದೇ ಶಾಲೆಯೊಳಗೇ ಕೈ ಬದಲಿಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರವೇ ಕೇಳಿ.

ಹಾಸ್ಟೆಲಿಗೆ ಮತ್ತೆ ಹೋಗುವ ಮುನ್ನ ಎಷ್ಟು ಮಕ್ಕಳು, ಯಾವ ಅಳತೆ ಎಂದು ಫೋನಿನಲ್ಲಿ ವಿಚಾರಿಸಿ. ಮೂಟೆಗೆ 'ಹುಡುಗರ ಪ್ಯಾಂಟ್, ಸೊಂಟ 28, ಒಟ್ಟು 14' ಎಂಬಂತೆ ಚೀಟಿ ಹಚ್ಚಿ. ಹಳೇ ಒಳಉಡುಪು ಒಂದೂ ಬೇಡ.