ಸಂಪಾದಕರ ಉತ್ತರ: ಸಭೆಗಳನ್ನು ಕತ್ತರಿಸಿದರೆ ಪ್ರೀತಿ ಉಳಿಯುವುದಿಲ್ಲ

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ: “ಲ್ಯಾರಿ ಕ್ರೇಮರ್ ಬರೆದ ‘ದಿ ನಾರ್ಮಲ್ ಹಾರ್ಟ್’ ನಾಟಕವನ್ನು ನಮ್ಮ ಹವ್ಯಾಸಿ ತಂಡ ಕನ್ನಡದಲ್ಲಿ ಆಡಬೇಕೆಂದಿದೆ. 2014ರ ಸಿನಿಮಾ ನೋಡಿ ಮನಸ್ಸು ಕಲಕಿಹೋಯಿತು. ಆದರೆ ನಾಟಕದಲ್ಲಿ ಸಮಿತಿ ಸಭೆ, ಮೇಯರ್ ಕಚೇರಿ, ಪತ್ರಿಕೆಗಳ ಮೇಲಿನ ಸಿಟ್ಟು ವಿಪರೀತ. ಏಡ್ಸ್‌ಗೆ ಈಗ ಔಷಧವಿದೆ, ಆ ಜಗಳಗಳೆಲ್ಲ ಹಳತಾದವು. ನೆಡ್ ಮತ್ತು ಫೆಲಿಕ್ಸ್ ಪ್ರೇಮಕಥೆಯನ್ನಷ್ಟೇ ಉಳಿಸಿಕೊಂಡು, ಇಂದಿನ ಬೆಂಗಳೂರಿಗೆ ತಂದು, 80 ನಿಮಿಷಕ್ಕೆ ಇಳಿಸಿದರೆ ಹೇಗೆ? ಕೊನೆಗೊಂದು ಜಾಗೃತಿ ಸಂದೇಶವನ್ನೂ ಸೇರಿಸಬಹುದು.”

ಪ್ರಿಯ ಓದುಗರೇ,

ಈ ನಾಟಕವನ್ನು ಕೈಗೆತ್ತಿಕೊಳ್ಳುವ ಧೈರ್ಯ ಮಾಡಿದ್ದಕ್ಕೆ ಮೊದಲು ಅಭಿನಂದನೆ. ನಿಮ್ಮ ಒಂದು ಮಾತು ಒಪ್ಪುವಂಥದ್ದೇ. ಕ್ರೇಮರ್ ಸಿಟ್ಟಿನಲ್ಲಿ ಬರೆದವರು, ಅಂಕಿಅಂಶ ಪೇರಿಸುತ್ತ ಹೋಗುವ ಮಾತುಗಳು ಅಲ್ಲಲ್ಲಿ ಉದ್ದವಾಗಿವೆ. ಹಕ್ಕುದಾರರ ಒಪ್ಪಿಗೆ ಪಡೆದು ಒಂದಷ್ಟು ಸಾಲು ಇಳಿಸಿದರೆ ನಾಟಕ ಬಡವಾಗುವುದಿಲ್ಲ. ಆದರೆ ನೀವು ಇಳಿಸಲು ಹೊರಟಿರುವುದು ಸಾಲುಗಳನ್ನಲ್ಲ, ನಾಟಕದ ಬೆನ್ನುಮೂಳೆಯನ್ನು. ನಾಟಕ ಓದದವರಿಗೆ ಒಂದು ಮಾತು: ನ್ಯೂಯಾರ್ಕ್‌ನ ಸಲಿಂಗಿ ಪುರುಷರನ್ನು ಹೆಸರಿಲ್ಲದ ಕಾಯಿಲೆಯೊಂದು ಕೊಲ್ಲತೊಡಗಿದಾಗ ಬರಹಗಾರ ನೆಡ್ ಗೆಳೆಯರೊಂದಿಗೆ ಸಮಿತಿ ಕಟ್ಟಿ ಹೋರಾಡುತ್ತಾನೆ, ಫೆಲಿಕ್ಸ್ ಅವನ ಪ್ರೇಮಿ.

ನೆಡ್ ಮತ್ತು ಫೆಲಿಕ್ಸ್ ಪರಸ್ಪರ ಮಾತಾಡುವುದನ್ನು ನಾವು ಮೊದಲು ನೋಡುವುದು ಎಲ್ಲಿ ಎಂದು ಮತ್ತೊಮ್ಮೆ ಗಮನಿಸಿ. ಫೆಲಿಕ್ಸ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಫ್ಯಾಷನ್ನು, ಪಾರ್ಟಿಗಳ ಬಗ್ಗೆ ಬರೆಯುವವನು. ನೆಡ್ ಅವನ ಮೇಜಿನ ಮುಂದೆ ಬಂದು ನಿಲ್ಲುವುದು ಈ ಕಾಯಿಲೆಯ ಬಗ್ಗೆ ಬರೆಯಿರಿ ಎಂದು ಕೇಳಲು. ಮುಂದೆ ನೆಡ್ ಮನೆಯಲ್ಲಿ ಕಳೆಯುವ ಮೊದಲ ಸಂಜೆಯೂ ಒಂದು ವಾಗ್ವಾದವೇ. ಹಿಟ್ಲರನ ಕಾಲದಲ್ಲಿ ಅಮೆರಿಕದ ಪತ್ರಿಕೆಗಳು, ಯಹೂದಿ ಮುಖಂಡರು ಯಾಕೆ ಬಾಯಿ ಬಿಡಲಿಲ್ಲ ಎಂದು ನೆಡ್ ಕೂಗಾಡುತ್ತಾನೆ. ನಾವಿಬ್ಬರೂ ಹಿಂದೆ ಒಮ್ಮೆ ಸಲಿಂಗಿ ಪುರುಷರು ಸೇರುವ ಸಾರ್ವಜನಿಕ ಸ್ನಾನಗೃಹದಲ್ಲಿ ಕೂಡಿದ್ದೆವು, ನಿನಗೆ ನೆನಪಿಲ್ಲ ಎಂದು ಫೆಲಿಕ್ಸ್ ಹೇಳುವುದು ಆ ಗಲಾಟೆಯ ನಡುವೆಯೇ. ಬರೆಯಲಾರದ ಪತ್ರಕರ್ತ, ಬಾಯಿ ಮುಚ್ಚಲಾರದ ಹೋರಾಟಗಾರ: ಇವರು ಹತ್ತಿರವಾಗುವುದೇ ಈ ಜಗಳದ ಮೂಲಕ. ಜಗಳ ತೆಗೆದಿರೋ, ಒಬ್ಬನಿಗೆ ಕಾಯಿಲೆ ಬಂತು, ಇನ್ನೊಬ್ಬ ಅತ್ತ ಎಂಬಷ್ಟು ಉಳಿಯುತ್ತದೆ. ಅಂಥ ಕಥೆಗೆ ಕ್ರೇಮರ್ ಬೇಕಿಲ್ಲ.

ಇನ್ನು ಬ್ರೂಸ್. ಸಮಿತಿಯ ಅಧ್ಯಕ್ಷ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ತಾನು ಗೇ ಎಂಬುದನ್ನು ಕಚೇರಿಯಲ್ಲಿ ಮುಚ್ಚಿಟ್ಟವನು. ಅಂಚೆಗೆ ಹಾಕುವ ಲಕೋಟೆಯ ಮೇಲೆ ಕಳಿಸಿದವರ ವಿಳಾಸದಲ್ಲಿ ‘ಗೇ’ ಎಂದು ಇರಬೇಕೋ ಬೇಡವೋ ಎಂಬ ಜಗಳ ಅವನದೇ. ನಿಮ್ಮ ಕತ್ತರಿಗೆ ಮೊದಲು ಸಿಗುವುದು ಈ ದೃಶ್ಯ, ಖಂಡಿತ. ಆದರೆ ಇಡೀ ನಾಟಕದಲ್ಲಿ ಪ್ರೀತಿಯ ಬಗ್ಗೆ ಇರುವ ಅತ್ಯಂತ ದೊಡ್ಡ ಮಾತು ನೆಡ್‌ನದಲ್ಲ, ಫೆಲಿಕ್ಸ್‌ನದೂ ಅಲ್ಲ, ಇದೇ ಬ್ರೂಸ್‌ನದು. ಸಾಯುತ್ತಿರುವ ತನ್ನ ಪ್ರೇಮಿ ಆಲ್ಬರ್ಟ್‌ನನ್ನು ಅವನ ತಾಯಿಗೆ ತೋರಿಸಲೆಂದು ವಿಮಾನದಲ್ಲಿ ಫೀನಿಕ್ಸ್‌ಗೆ ಕರೆದೊಯ್ದದ್ದು, ಅಲ್ಲಿನ ಆಸ್ಪತ್ರೆಯವರು ಶವವನ್ನು ಕಸದ ಚೀಲಕ್ಕೆ ತುಂಬಿ ಹಿಂದಿನ ಓಣಿಯಲ್ಲಿ ಹಾಕಿದ್ದು, ಇದನ್ನೆಲ್ಲ ಅವನು ನಿಂತಲ್ಲೇ ಹೇಳುತ್ತಾನೆ. ಲಕೋಟೆಯ ಮೇಲಿನ ಒಂದು ಪದಕ್ಕೆ ಹೆದರಿದ ಮನುಷ್ಯ ಎಂದು ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ ಮಾತ್ರ ಈ ಮಾತು ಎದೆಗೆ ಬಡಿಯುತ್ತದೆ. ಸಭೆಗಳನ್ನು ಕತ್ತರಿಸಿ ಈ ಸ್ವಗತವನ್ನು ಮಾತ್ರ ಉಳಿಸಿಕೊಂಡರೆ, ಯಾರೋ ಬಂದು ಏನೋ ದುಃಖ ತೋಡಿಕೊಂಡು ಹೋದಂತಾಗುತ್ತದೆ.

ಇಂದಿನ ಬೆಂಗಳೂರಿಗೆ ತರುವ ಮಾತಿಗೆ ಬರೋಣ. ನಾಟಕ ನಡೆಯುವುದು 1981ರಿಂದ 1984ರ ನಡುವೆ. ನ್ಯೂಯಾರ್ಕ್ ಟೈಮ್ಸ್ 41 ಸಲಿಂಗಿ ಪುರುಷರಲ್ಲಿ ಅಪರೂಪದ ಕ್ಯಾನ್ಸರ್ ಎಂದು ಒಳಪುಟದಲ್ಲಿ ಬರೆದದ್ದು 1981ರ ಜುಲೈ 3ರಂದು. ಪ್ಯಾರಿಸ್‌ನ ವಿಜ್ಞಾನಿಗಳು ವೈರಾಣುವಿನ ಬಗ್ಗೆ ಪ್ರಕಟಿಸಿದ್ದು 1983ರಲ್ಲಿ. ರಕ್ತಪರೀಕ್ಷೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 1985ರ ಮಾರ್ಚ್‌ನಲ್ಲಿ, ನಾಟಕ ತೆರೆ ಕಾಣುವುದಕ್ಕೆ ಕೆಲವೇ ವಾರ ಮೊದಲು. ಮೊದಲ ಔಷಧ 1987ರಲ್ಲಿ, ನಿಜಕ್ಕೂ ಜೀವ ಉಳಿಸುವ ಸಂಯುಕ್ತ ಚಿಕಿತ್ಸೆ 1996ರ ಹೊತ್ತಿಗೆ. ನಮ್ಮ ದೇಶದಲ್ಲಿ ಸರ್ಕಾರ ಎಂಟು ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ (ವೈರಾಣುವನ್ನು ಹತ್ತಿಕ್ಕುವ ಚಿಕಿತ್ಸೆ) ಶುರುಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಇಂದಿನ ಬೆಂಗಳೂರಿನ ಫೆಲಿಕ್ಸ್‌ಗೆ ಅರ್ಧ ಗಂಟೆಯಲ್ಲಿ ಫಲಿತಾಂಶ ತಿಳಿಯುತ್ತದೆ, ಮಾತ್ರೆ ಉಚಿತವಾಗಿ ಸಿಗುತ್ತದೆ, ತಪ್ಪದೆ ನುಂಗಿದರೆ ಮುದುಕನಾಗುವವರೆಗೆ ಬದುಕುತ್ತಾನೆ. ಅವನನ್ನು ಸಾಯಿಸಲು ನೀವು ಇನ್ನೊಂದು ಕಥೆ ಹೊಸೆಯಬೇಕಾಗುತ್ತದೆ. ಡಾಕ್ಟರ್ ಎಮ್ಮಾ ಕಾರಣವೇ ತಿಳಿಯದ ಸ್ಥಿತಿಯಲ್ಲಿ, ಸಂಭೋಗವನ್ನೇ ನಿಲ್ಲಿಸಿ ಎಂದು ಗಂಡಸರಿಗೆ ಹೇಳುವ ದೃಶ್ಯಕ್ಕೂ ಅರ್ಥ ಉಳಿಯದು.

ಈ ನಾಟಕದ ಪಾತ್ರಗಳಿಗೆ ಏನೂ ಗೊತ್ತಿಲ್ಲ. ಪುನರ್‌ಪ್ರಯೋಗಗಳು ಸೋಲುವುದು ಬಹುಪಾಲು ಇಲ್ಲೇ. ನಟರಿಗೆ ಕೊನೆ ಗೊತ್ತು, ಪ್ರೇಕ್ಷಕರಿಗೂ ಗೊತ್ತು, ಹಾಗಾಗಿ ಮೊದಲ ದೃಶ್ಯದಿಂದಲೇ ಎಲ್ಲರೂ ಸಾವಿನ ಮನೆಯ ದನಿಯಲ್ಲಿ ಮಾತಾಡತೊಡಗುತ್ತಾರೆ. ಫೆಲಿಕ್ಸ್ ತನ್ನ ಪಾದದ ಮೇಲೆ ಮೂಡಿದ, ಈ ಕಾಯಿಲೆಯ ಗುರುತಾದ ನೇರಳೆ ಕಲೆಯನ್ನು ತೋರಿಸುವಾಗ ಅದು ಕಲ್ಲು ತಾಗಿ ಕಂದಿದ್ದಿರಬಹುದು ಎಂಬ ಆಸೆ ಅವನಲ್ಲಿ ಇನ್ನೂ ಇರಬೇಕು. ತಾಲೀಮಿನಲ್ಲಿ ಒಂದು ಕೆಲಸ ಮಾಡಿ: ಪ್ರತಿ ದೃಶ್ಯದ ಮೇಲೂ ತಿಂಗಳು, ವರ್ಷ ಬರೆದು, ಆ ದಿನಕ್ಕೆ ಯಾವ ಪಾತ್ರಕ್ಕೆ ಏನು ಗೊತ್ತು ಎಂದು ಎರಡೆರಡು ಸಾಲು ಗೋಡೆಗೆ ಅಂಟಿಸಿ. ಆ ಪಟ್ಟಿಯಲ್ಲಿಲ್ಲದ ದುಃಖವನ್ನು ನಟ ಮೊದಲೇ ತಂದರೆ ಅಲ್ಲೇ ನಿಲ್ಲಿಸಿ.

ಕಲೆಗಳ ಮೇಕಪ್ಪಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು, ಏಕೆಂದರೆ ಇಲ್ಲೇ ಹೆಚ್ಚು ಕೆಡುವುದು. ಏಡ್ಸ್ ರೋಗಿಗಳ ಚರ್ಮದ ಮೇಲೆ ಮೂಡುವ ಕ್ಯಾನ್ಸರ್ ಆದ ಕಪೋಸಿ ಸಾರ್ಕೋಮಾದ ಕಲೆ ಗಾಯವಲ್ಲ, ಸಾಮಾನ್ಯವಾಗಿ ನೋವಿಲ್ಲ, ಒತ್ತಿದರೆ ಬಣ್ಣ ಮಾಸುವುದಿಲ್ಲ. ಆದ್ದರಿಂದ ನಟ ಅದನ್ನು ಕೆರೆಯಬಾರದು, ಮುಟ್ಟಿದಾಗ ಮುಖ ಕಿವಿಚಬಾರದು. ಹೆಬ್ಬೆರಳ ಉಗುರಿನಷ್ಟು ಅಗಲ, ದುಂಡಗಲ್ಲ, ಕೊಂಚ ಉದ್ದ. ಮೊದಲು ಕಡುಗೆಂಪು ನೇರಳೆ, ಮಧ್ಯಕ್ಕೆ ಸ್ವಲ್ಪ ಕಂದು, ಅಂಚನ್ನು ಒರಟು ಸ್ಪಂಜಿನಿಂದ ತಟ್ಟಿ ಚರ್ಮಕ್ಕೆ ಸೇರಿಸಿ, ಮೇಲೆ ಪೌಡರ್. ಬೆವರಿಗೆ ಕ್ರೀಮ್ ಬಣ್ಣ ಜಾರುತ್ತದೆ. ಆಲ್ಕೊಹಾಲ್‌ನಲ್ಲಿ ಕರಗುವ ಬಣ್ಣ ಸಿಕ್ಕರೆ ಅದನ್ನೇ ಬಳಸಿ, ಇಲ್ಲವಾದರೆ ತೆಳುವಾಗಿ ಮೂರು ಪದರ, ಪ್ರತಿ ಪದರಕ್ಕೂ ಪೌಡರ್. ಪಾದದ ಮೊದಲ ಕಲೆ ಪ್ರೇಕ್ಷಕರಿಗೆ ಕಾಣಲೇಬೇಕಿಲ್ಲ. ನಂತರ ಕುತ್ತಿಗೆ, ಮುಂಗೈ ಮೇಲೆ ಎರಡೋ ಮೂರೋ, ಕೊನೆಯ ದೃಶ್ಯಕ್ಕೆ ಆರೇಳು ಸಾಕು. ಇದನ್ನು ಮೇಕಪ್ ಕೋಣೆಯ ಬಲ್ಬಿನಡಿ ನೋಡಿ ಒಪ್ಪಬೇಡಿ. ಅಂಬರ್ ಜೆಲ್ (ದೀಪದ ಮುಂದೆ ಇಡುವ ಹಳದಿಗೆಂಪು ಹಾಳೆ) ಹಾಕಿದ ಬೆಳಕಿನಲ್ಲಿ ನೇರಳೆ ಸತ್ತು ಕೊಳೆಯಂತೆ ಕಾಣುತ್ತದೆ.

ಫೆಲಿಕ್ಸ್ ಬಡಕಲಾಗುವುದನ್ನು ಬಣ್ಣದಿಂದ ತೋರಿಸಲು ಹೋದರೆ ಕೆನ್ನೆ ಕಪ್ಪಾಗಿ ರಾಕ್ಷಸವೇಷವಾದೀತು. ಬಟ್ಟೆಯಿಂದ ತೋರಿಸಿ. ಒಂದೇ ಬಗೆಯ ಶರ್ಟನ್ನು 40, 42, 44ರ ಮೂರು ಅಳತೆಯಲ್ಲಿ ಹೊಲಿಸಿ ಒಂದಾದ ಮೇಲೊಂದು ತೊಡಿಸಿ. ಕಾಲರ್ ಮತ್ತು ಕುತ್ತಿಗೆಯ ನಡುವಿನ ಸಂದು ಹಿಂದಿನ ಸಾಲಿನವರಿಗೂ ಕಾಣುತ್ತದೆ.

ಊಟ ಬಿಟ್ಟು ನೆಲದ ಮೇಲೆ ಕೂತ ಫೆಲಿಕ್ಸ್‌ನ ಮುಂದೆ ನೆಡ್ ತಂದ ದಿನಸಿಯನ್ನೆಲ್ಲ ಎಸೆದು, ಹಾಲಿನ ಪೊಟ್ಟಣವನ್ನೂ ಎಸೆಯುವ ದೃಶ್ಯ ನಾಟಕದ ನಿಜವಾದ ಪ್ರೇಮದೃಶ್ಯ. ಇದಕ್ಕೆ ಅಪ್ಪಟ ಹಾಲು ಬೇಡ. ಜಿಡ್ಡಿನಿಂದ ನೆಲ ಜಾರುತ್ತದೆ, ಮರದ ಸಂದಿಗೆ ಇಳಿದರೆ ಮರುದಿನ ಹುಳಿವಾಸನೆ, ಇರುವೆ. ಒಂದು ಪಾಲು ಹಾಲಿಗೆ ಮೂರು ಪಾಲು ನೀರು ಬೆರೆಸಿ, ಅರ್ಧ ಲೀಟರ್ ಪೊಟ್ಟಣದಲ್ಲಿ 200 ಎಂ.ಎಲ್. ಮಾತ್ರ ತುಂಬಿ. ನೆಲಕ್ಕೆ ವಿನೈಲ್ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಸುತ್ತ ಆರಡಿಯೊಳಗೆ ವೈರ್ ಇಡಬೇಡಿ. ನೆಡ್ ಒದ್ದೆ ಜಾಗದಲ್ಲಿ ನಡೆದು ಬಂದರೆ ಬೀಳುತ್ತಾನೆ. ಎಸೆದ ಜಾಗದಲ್ಲೇ ಮಂಡಿಯೂರಿ ಫೆಲಿಕ್ಸ್‌ನ ಬಳಿಗೆ ಸರಿಯಲಿ. ಕಿತ್ತಳೆ, ಸೇಬು ಉರುಳಿ ಮೊದಲ ಸಾಲಿಗೆ ಹೋದರೆ ಪ್ರೇಕ್ಷಕರು ನಗುತ್ತಾರೆ, ಬ್ರೆಡ್ಡು, ಸೊಪ್ಪು ಇಟ್ಟುಕೊಳ್ಳಿ.

ಎಮ್ಮಾ ಪೋಲಿಯೊದಿಂದ ಗಾಲಿಕುರ್ಚಿಯಲ್ಲಿ ಇರುವವಳು. ಸಂಶೋಧನೆಗೆ ಹಣ ನಿರಾಕರಿಸಿದವನ ಮುಂದೆ ಸಿಟ್ಟಿನಿಂದ ಕಾಗದಗಳನ್ನೆಲ್ಲ ಚೆಲ್ಲುತ್ತಾಳೆ. ಆಮೇಲೆ ಆ ಕಾಗದಗಳ ಮೇಲೇ ಕುರ್ಚಿ ತಿರುಗಿಸಿ ಹೊರಡಬೇಕಾಗಿ ಬಂದರೆ ಹಾಳೆ ಮುಂದಿನ ಗಾಲಿಗೆ ಸಿಕ್ಕಿ ಕುರ್ಚಿ ನಿಂತುಬಿಡುತ್ತದೆ, ಇಡೀ ಸಿಟ್ಟು ಇಂಗಿಹೋಗುತ್ತದೆ. ಅವಳು ಹೊರಡುವ ದಾರಿಯ ಎದುರು ದಿಕ್ಕಿಗೆ ಎಸೆಯುವುದನ್ನು ಮೊದಲ ತಾಲೀಮಿನಿಂದಲೇ ರೂಢಿಸಿ. ತಿರುಗಲು ಐದಡಿ ಜಾಗ ಬಿಡಿ.

ಸಂದೇಶದ ಮಾತು. 1985ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಪಬ್ಲಿಕ್ ಥಿಯೇಟರಿನಲ್ಲಿ ಮೊದಲ ಪ್ರಯೋಗವಾದಾಗ ಗೋಡೆಗಳಿಗೆ ಸುಣ್ಣ ಬಳಿದು ಅದರ ಮೇಲೆ ಕಪ್ಪಕ್ಷರದಲ್ಲಿ ಹೆಸರು, ಅಂಕಿ ಬರೆದಿದ್ದರು. ದೇಶದ ಒಟ್ಟು ರೋಗಿಗಳ ಸಂಖ್ಯೆ ಏರಿದಂತೆ ಹಳೆಯದನ್ನು ಹೊಡೆದುಹಾಕಿ ಕೆಳಗೆ ಹೊಸದನ್ನು ಬರೆಯುತ್ತಿದ್ದರು. 2010ರ ಅಕ್ಟೋಬರ್‌ನಲ್ಲಿ ಒಂದು ಸಂಜೆಯ ವಾಚನವಾಗಿ ಶುರುವಾಗಿ 2011ರಲ್ಲಿ ಜೋಯೆಲ್ ಗ್ರೇ ಮತ್ತು ಜಾರ್ಜ್ ಸಿ. ವುಲ್ಫ್ ನಿರ್ದೇಶನದಲ್ಲಿ ಬ್ರಾಡ್‌ವೇಗೆ ಬಂದಾಗಲೂ ಕಾಲ ಬದಲಾಗಲಿಲ್ಲ, ಸಭೆಗಳು ಮಾಯವಾಗಲಿಲ್ಲ. ಅತ್ಯುತ್ತಮ ಪುನರ್‌ಪ್ರಯೋಗಕ್ಕೆ ಟೋನಿ ಪ್ರಶಸ್ತಿ ಬಂದದ್ದು ಆ ಪ್ರಯೋಗಕ್ಕೇ. ಇನ್ನೂ ಹೇಳಬೇಕಾದದ್ದು ಇದ್ದಾಗ ಕ್ರೇಮರ್, 75 ದಾಟಿದ ವಯಸ್ಸಿನಲ್ಲಿ, ರಂಗಮಂದಿರದ ಹೊರಗೆ ನಿಂತು ಮನೆಗೆ ಹೊರಟವರ ಕೈಗೆ ಕರಪತ್ರ ಕೊಟ್ಟರು. ನೀವೂ ಬಾಗಿಲಲ್ಲಿ ಕೊಡಿ. ಪರೀಕ್ಷೆ ಎಲ್ಲಿ, ಚಿಕಿತ್ಸೆ ಎಲ್ಲಿ ಎಂಬುದನ್ನು ಅದರಲ್ಲಿ ಬರೆಯಿರಿ. ಫೆಲಿಕ್ಸ್‌ನ ಬಾಯಲ್ಲಿ ಮಾತ್ರ ಹಾಕಬೇಡಿ.

ಈ ‘ಜಾಗೃತಿ’ ನಮ್ಮ ರಂಗಭೂಮಿಗೆ ಅಂಟಿದ ಹಳೆಯ ಚಟ. ಕಾಯಿಲೆ ಎಂದರೆ ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ಕ್ಕೆ ಒಂದು ಬೀದಿನಾಟಕ, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಘೋಷಣೆ. ಅದಕ್ಕೆ ಅದರದೇ ಜಾಗವಿದೆ, ಆದರೆ ರೋಗಿಯನ್ನು ಪ್ರೀತಿಸಿದವನು ಅದರಲ್ಲಿ ಎಂದೂ ಇರುವುದಿಲ್ಲ. ಇನ್ನೊಂದು ಚಟ, ಇಬ್ಬರು ಗಂಡಸರು ತಬ್ಬಿಕೊಳ್ಳುವ ಹೊತ್ತಿಗೆ ದೀಪ ಆರಿಸುವುದು. ಕತ್ತಲಲ್ಲಿ ಕಿಸಕಿಸ ಶುರುವಾಗುತ್ತದೆ, ಮುಂದಿನ ದೃಶ್ಯ ಆ ನಗುವಿನ ಮೇಲೆಯೇ ತೆರೆಯುತ್ತದೆ. ಬೆಳಕಿರಲಿ. ಯಾರ ಕೈ ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ಇಬ್ಬರು ನಟರೂ ಕೂತು ಒಪ್ಪಿ, ಪ್ರಾಂಪ್ಟ್ ಪ್ರತಿಯಲ್ಲಿ (ನಡೆ, ಬೆಳಕು ಗುರುತು ಹಾಕಿದ ರಂಗಪ್ರತಿ) ಬರೆದಿಟ್ಟು, ಪ್ರತಿ ಸಲ ಅಷ್ಟನ್ನೇ ಮಾಡಲಿ. ನೆಡ್‌ನ ಸಮಿತಿಯಲ್ಲಿರುವ ಟಾಮಿಯ ಪಾತ್ರಧಾರಿ ಸೊಂಟ ಬಳುಕಿಸಿ ಚಪ್ಪಾಳೆ ಗಿಟ್ಟಿಸಲು ಹೊರಟರೆ ಮೊದಲ ದಿನವೇ ತಡೆಯಿರಿ. ನಮ್ಮ ಸಿನಿಮಾ, ಟಿವಿಗಳು ಇಷ್ಟು ವರ್ಷ ಇಂಥವರನ್ನು ನಗೆಪಾಟಲು ಮಾಡಿದ್ದು ಸಾಲದೇ? ಇನ್ನು 80 ನಿಮಿಷದ ಕಟ್ಟು. ಇದು ನಿಮ್ಮದಲ್ಲ, ಸ್ಪರ್ಧೆಗಳು ಕಲಿಸಿದ್ದು. ಗಡಿಯಾರ ಹಿಡಿದು ಕೂತ ತೀರ್ಪುಗಾರರಿಗಾಗಿ ಎಷ್ಟು ಒಳ್ಳೆಯ ನಾಟಕಗಳ ಕೈಕಾಲು ಕತ್ತರಿಸಿದ್ದೇವೆ.

ಚಿಕ್ಕದೇ ಬೇಕು ಎಂದಾದರೆ ಅದೇ 1985ರ ಮಾರ್ಚ್‌ನಲ್ಲಿ ಬಂದ ವಿಲಿಯಂ ಹಾಫ್‌ಮನ್ ಅವರ ‘ಆ್ಯಸ್ ಈಸ್’ ಇದೆ, ವಿರಾಮವಿಲ್ಲದ ನಾಟಕ. ಬೇರ್ಪಡುತ್ತಿರುವ ಸಾಲ್ ಮತ್ತು ರಿಚ್ ಮನೆಯ ಸಾಮಾನು ಹಂಚಿಕೊಳ್ಳುವಾಗ ರಿಚ್‌ನ ಕಾಯಿಲೆ ತಿಳಿಯುತ್ತದೆ. ಸಾಲ್ ಅವನನ್ನು ಬಿಟ್ಟು ಹೋಗುವುದಿಲ್ಲ. ಉಳಿದ ನಟರು ಹಲವು ಪಾತ್ರಗಳನ್ನು ಹಂಚಿಕೊಳ್ಳುವುದರಿಂದ ಹವ್ಯಾಸಿ ತಂಡಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ನೆಲದ ಕಥೆಯೇ ಬೇಕೆಂದರೆ ಹೊಸದಾಗಿ ಬರೆಯಿರಿ. 1989ರಲ್ಲಿ ಗೋವಾದಲ್ಲಿ, ರಕ್ತದಾನ ಮಾಡಿದ ಡೊಮಿನಿಕ್ ಡಿಸೋಜಾ ಅವರಿಗೆ ಎಚ್‌ಐವಿ ಇದೆಯೆಂದು ತಿಳಿದ ಸರ್ಕಾರ ಅವರನ್ನು 64 ದಿನ ಕೂಡಿಹಾಕಿತ್ತು. ಅದನ್ನು ಕನ್ನಡದ ನಾಟಕಕಾರರು ಕೈಗೆತ್ತಿಕೊಳ್ಳಲಿ, ಸಂತೋಷದಿಂದ ಪ್ರಕಟಿಸುತ್ತೇವೆ.

‘ನಾರ್ಮಲ್ ಹಾರ್ಟ್’ ಅನ್ನೇ ಆಡುವುದಾದರೆ ಮೊದಲು ಅನುಮತಿ. ನಮ್ಮ ಹವ್ಯಾಸಿ ತಂಡಗಳು ‘ಆಧಾರಿತ’ ಎಂದು ಹಾಕಿ ಜಾರಿಕೊಳ್ಳುವುದು ನಾಚಿಕೆಗೇಡು. ಪ್ರದರ್ಶನಕ್ಕೆ ಒಂದು ಅನುಮತಿ, ಅನುವಾದಕ್ಕೆ ಬೇರೆಯೇ ಅನುಮತಿ, ಕಾಲ, ಸ್ಥಳ, ಸಾಲು ಬದಲಿಸಬೇಕಾದರೆ ಅದಕ್ಕೂ ಲಿಖಿತ ಒಪ್ಪಿಗೆ. ಅರ್ಜಿಯಲ್ಲಿ ರಂಗಮಂದಿರದ ಆಸನಗಳ ಸಂಖ್ಯೆ, ಟಿಕೆಟ್ ದರ, ದಿನಾಂಕಗಳು, ಅನುವಾದಕರ ಹೆಸರು ಇರಲಿ. ಉತ್ತರಕ್ಕೆ ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಸಭಾಂಗಣಕ್ಕೆ ಮುಂಗಡ ಕಟ್ಟುವ ಮೊದಲೇ ಬರೆಯಿರಿ. ಕಾಯುವ ಆ ತಿಂಗಳುಗಳಲ್ಲಿ ತಂಡದೊಳಗೆ ವಾಚನ ನಡೆಸಿ, ಲಕೋಟೆಯ ದೃಶ್ಯವನ್ನೂ ಬ್ರೂಸ್‌ನ ಮಾತನ್ನೂ ಒಂದೇ ಸಂಜೆ ಓದಿ. ಆಮೇಲೂ ಕತ್ತರಿಸಬೇಕೆನ್ನಿಸಿದರೆ ಮತ್ತೊಂದು ಪತ್ರ ಬರೆಯಿರಿ, ಅದನ್ನೂ ಇಲ್ಲೇ ಪ್ರಕಟಿಸುತ್ತೇವೆ.

– ಸಂಪಾದಕ