ಆನ್ಸಿಯಂಥ ಉತ್ಸವಗಳ ಅನಿಮೇಷನ್ ಕಿರುಚಿತ್ರಗಳನ್ನು ಹೇಗೆ ನೋಡಬೇಕು?

ಫ್ರಾನ್ಸಿನ ಆನ್ಸಿ ಉತ್ಸವದಲ್ಲಿ ಸ್ಪರ್ಧಿಸಿದ ಮೂರ್ನಾಲ್ಕು ಅನಿಮೇಷನ್ ಕಿರುಚಿತ್ರ ನೋಡಿದಿರಿ, ಒಂದರಲ್ಲೂ ಕಥೆ ಕೈಗೆ ಸಿಗಲಿಲ್ಲ, ಇವನ್ನು ಹೇಗೆ ನೋಡಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಹನ್ನೊಂದು ವರ್ಷದಿಂದ ಅನಿಮೇಷನ್ ಕೆಲಸ ಮಾಡುತ್ತಿದ್ದೇನೆ. ಹೊರದೇಶದ ಮಕ್ಕಳ ಸರಣಿಗಳಿಗೆ ಇನ್‌ಬಿಟ್ವೀನ್ (ಎರಡು ಮುಖ್ಯ ಭಂಗಿಗಳ ನಡುವಿನ ಚಿತ್ರಗಳನ್ನು ಬರೆಯುವುದು), ಕ್ಲೀನಪ್ (ಒರಟು ಗೆರೆಗಳನ್ನು ಅಚ್ಚುಕಟ್ಟು ಮಾಡುವುದು) ಮಾಡುವುದು ನನ್ನ ಪಾಲಿನ ಕೆಲಸ. ಒಮ್ಮೆ ಆನ್ಸಿಗೂ ಹೋಗಿ ಬಂದೆ. ಈ ಚಿತ್ರಗಳೆಂದರೆ ನನಗೆ ಪ್ರಾಣ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೋಡುವಾಗ "ಇದರ ಕಥೆ ಏನು" ಎಂದು ಮೊದಲೇ ಕೇಳಬೇಡಿ. "ಇದನ್ನು ಯಾವುದರಿಂದ ಮಾಡಿದ್ದಾರೆ" ಎಂದು ಕೇಳಿ. ಬಣ್ಣವೋ, ಮರಳೋ, ಬಟ್ಟೆಯೋ, ಪೆನ್ಸಿಲ್ಲೋ? ಅದು ಗೊತ್ತಾದರೆ ಎಷ್ಟೋ ಚಿತ್ರಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. 2000ದಲ್ಲಿ ಆನ್ಸಿಯ ದೊಡ್ಡ ಪ್ರಶಸ್ತಿ ರಷ್ಯಾದ ಅಲೆಕ್ಸಾಂಡರ್ ಪೆಟ್ರೋವ್ ಅವರ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ ಚಿತ್ರಕ್ಕೆ ಹೋಯಿತು. ಅದೇ ವರ್ಷ ಆಸ್ಕರ್ ಕೂಡ ಬಂತು. ಕಥೆ ಹೆಮಿಂಗ್ವೇ ಕಾದಂಬರಿಯದು, ಎಲ್ಲರಿಗೂ ಗೊತ್ತಿರುವುದೇ, ಮುದುಕ ಮೀನುಗಾರ, ದೊಡ್ಡ ಮೀನು. ಆದರೆ ಮಾಡಿದ ಬಗೆ ನೋಡಿ. ಪೆಟ್ರೋವ್ ಗಾಜಿನ ಮೇಲೆ ಬೇಗ ಒಣಗದ ಎಣ್ಣೆಬಣ್ಣ ಹಚ್ಚುತ್ತಾರೆ, ಹೆಚ್ಚಾಗಿ ಬೆರಳ ತುದಿಯಿಂದಲೇ. ಒಂದು ಚಿತ್ರ ಮುಗಿದ ಕೂಡಲೇ ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಆಮೇಲೆ ಅದೇ ಹಸಿ ಬಣ್ಣವನ್ನು ಅಷ್ಟಿಷ್ಟು ಸರಿಸಿ, ಒರೆಸಿ, ಮುಂದಿನ ಚಿತ್ರ. ಹೀಗೆ 29,000ಕ್ಕೂ ಜಾಸ್ತಿ ಚಿತ್ರ, 20 ನಿಮಿಷದ ಸಿನಿಮಾಕ್ಕೆ. ನಮ್ಮ ಕೆಲಸದಲ್ಲಿ ತಪ್ಪಾದರೆ ಒಂದು ಹೆಜ್ಜೆ ಹಿಂದೆ ಹೋಗಲು ಒಂದು ಬಟನ್ ಒತ್ತಿದರಾಯಿತು. ಅಲ್ಲಿ ಹಿಂದೆ ಹೋಗಲು ದಾರಿಯೇ ಇಲ್ಲ. ಹಿಂದಿನ ಚಿತ್ರ ಆಗಲೇ ಅಳಿಸಿಹೋಗಿರುತ್ತದೆ.

ಈಗ ಆ ಚಿತ್ರದ ಸಮುದ್ರವನ್ನು ನೋಡಿ. ನೀರು ಒಂದು ಕ್ಷಣವೂ ನಿಲ್ಲುವುದಿಲ್ಲ. ಹಿಂದಿನ ಫ್ರೇಮಿನ ಬಣ್ಣ ಪೂರ್ತಿ ಹೋಗದೆ ಮುಂದಿನದರಲ್ಲಿ ಅಷ್ಟಿಷ್ಟು ಉಳಿದಿರುತ್ತದೆ, ಅದಕ್ಕೇ ಹಾಗೆ. ಮುದುಕನ ದಣಿವು ನನಗೆ ಮುಟ್ಟಿದ್ದು ಅವನ ಮುಖ ನೋಡಿ ಅಲ್ಲ, ಆ ನಿಲ್ಲದ ನೀರನ್ನು ನೋಡಿ. ಮಾಡಿದವರ ಬೆರಳೂ ಅಷ್ಟೇ ದಣಿದಿರುತ್ತದೆ ಅಲ್ವಾ?

ಇನ್ನೊಂದು ಹತ್ತಿರದ ವರ್ಷದ್ದು. 2025ರಲ್ಲಿ ಕಿರುಚಿತ್ರ ವಿಭಾಗದ ದೊಡ್ಡ ಪ್ರಶಸ್ತಿಯಾದ ಕ್ರಿಸ್ಟಲ್ ಗೆದ್ದದ್ದು ಪಿಯೆರ್-ಲುಕ್ ಗ್ರಾಂಜೋನ್ ಅವರ ಚಿತ್ರ. ರಾತ್ರಿ ಮನೆ ಬಿಟ್ಟು ಕಾಡಿಗೆ ಹೋಗುವ ಒಬ್ಬ ಹುಡುಗನ ಕಥೆ. ಅದನ್ನು ಮಾಡಿದ್ದು ಪಿನ್‌ಸ್ಕ್ರೀನ್ ಮೇಲೆ. ಇದು ಅನಿಮೇಷನ್ ಕಲಾವಿದರಾದ ಅಲೆಕ್ಸಾಂಡರ್ ಅಲೆಕ್ಸೀಫ್ ಮತ್ತು ಕ್ಲೇರ್ ಪಾರ್ಕರ್ 1930ರ ದಶಕದಲ್ಲಿ ಕಂಡುಹಿಡಿದ ಸಾಧನ. ಒಂದು ಬಿಳಿ ಹಲಗೆ, ಅದರ ತುಂಬ ಒತ್ತೊತ್ತಾಗಿ ಲಕ್ಷಗಟ್ಟಲೆ ಸಣ್ಣ ಪಿನ್ನು. ಪಕ್ಕದಿಂದ ಬೆಳಕು ಬಿಡುತ್ತಾರೆ. ಪಿನ್ನು ಮುಂದೆ ಬಂದಷ್ಟೂ ಅದರ ನೆರಳು ಉದ್ದ, ಜಾಗ ಕಪ್ಪು. ಒಳಗೆ ತಳ್ಳಿದರೆ ನೆರಳು ಇಲ್ಲ, ಜಾಗ ಬಿಳಿ. ಅಂದರೆ ಅಲ್ಲಿ ಕಾಣುವ ಕತ್ತಲು ಬಳಿದದ್ದಲ್ಲ, ನಿಜವಾದ ನೆರಳು. ರಾತ್ರಿಯ ಕಾಡಿನ ಕಥೆಗೆ ಅದಕ್ಕಿಂತ ಒಪ್ಪುವ ಸಾಮಾನು ಇನ್ನೇನಿದೆ ಹೇಳಿ.

ಅದೇ ವರ್ಷ ನಮ್ಮ ದೇಶಕ್ಕೂ ಒಂದು ಪ್ರಶಸ್ತಿ ಬಂತು. ಸುರೇಶ್ ಎರಿಯಾಟ್ ಅವರ ‘ದೇಸಿ ಊನ್’, ಬೇರೆಯವರು ಹೇಳಿ ಮಾಡಿಸಿದ ಚಿತ್ರಗಳ ವಿಭಾಗದಲ್ಲಿ ತೀರ್ಪುಗಾರರ ಪ್ರಶಸ್ತಿ ಪಡೆಯಿತು. ದೇಸಿ ಉಣ್ಣೆಯ ಬಗ್ಗೆ, ಉಣ್ಣೆಯಿಂದಲೇ ಮಾಡಿದ ಸ್ಟಾಪ್ ಮೋಷನ್ ಚಿತ್ರ, ಅಂದರೆ ವಸ್ತುವನ್ನು ಚೂರು ಚೂರೇ ಸರಿಸಿ ಒಂದೊಂದೇ ಫೋಟೊ ತೆಗೆದು ಮಾಡಿದ್ದು. ಅದರಲ್ಲಿ ಬರುವ ಡೆಕ್ಕನಿ ಕುರಿಯ, ಅಂದರೆ ದಖ್ಖನ್ ಸೀಮೆಯ ಕುರಿಯ ಉಣ್ಣೆ ಎಂದರೆ ನಮಗೆ ಹೊಸತಲ್ಲ. ಉತ್ತರ ಕರ್ನಾಟಕದ ಕರಿ ಕಂಬಳಿ ಅದೇ ಉಣ್ಣೆಯದು. ನಮ್ಮಜ್ಜನ ಹತ್ತಿರ ಅಂಥದ್ದೊಂದು ಇತ್ತು. ಕುತ್ತಿಗೆಗೆ ಚುಚ್ಚುತ್ತಿತ್ತು, ಮಳೆಯಲ್ಲಿ ನೆಂದರೆ ಕುರಿಯದೇ ವಾಸನೆ. ಉಣ್ಣೆಯನ್ನು ಫ್ರೇಮ್ ಫ್ರೇಮ್ ಆಗಿ ಅಲುಗಿಸುವುದು ಬಲು ಕಷ್ಟ, ಯಾಕೆಂದರೆ ಪ್ರತಿ ಸಲ ಬೆರಳು ತಾಗಿದಾಗ ಎಳೆಗಳು ಜಾಗ ಬದಲಿಸುತ್ತವೆ. ಪರದೆಯ ಮೇಲೆ ಅದು ಸುಮ್ನೆ ಉಸಿರಾಡಿದ ಹಾಗೆ ಕಾಣುತ್ತದೆ. ಕಂಬಳಿ ಹೊದ್ದು ಬೆಳೆದವರಿಗೆ ಆ ಚಿತ್ರ ಬೇರೆಯೇ ಥರ ತಾಗುತ್ತದೆ.

ಹಾಗಾದರೆ ಕಥೆಗೆ ಬೆಲೆಯೇ ಇಲ್ಲವೇ ಎಂದರೆ, ಖಂಡಿತ ಇದೆ. ಮಾತಿನಲ್ಲಿ ಹೇಳುವುದಿಲ್ಲ, ಅಷ್ಟೇ. ಮೈಕಲ್ ಡುಡೊಕ್ ಡೆ ವಿಟ್ ಅವರ ‘ಫಾದರ್ ಅಂಡ್ ಡಾಟರ್’ ನೋಡಿ, 2001ರಲ್ಲಿ ಆನ್ಸಿಯಲ್ಲಿ ಗೆದ್ದದ್ದು. ಎಂಟು ನಿಮಿಷ, ಒಂದು ಮಾತೂ ಇಲ್ಲ. ಅಪ್ಪ ದೋಣಿ ಹತ್ತಿ ಹೋಗುತ್ತಾನೆ. ಮಗಳು ಸೈಕಲ್ ತುಳಿದುಕೊಂಡು ಅದೇ ದಡಕ್ಕೆ ಬರುತ್ತಲೇ ಇರುತ್ತಾಳೆ. ಹುಡುಗಿಯಾಗಿ, ಗೆಳತಿಯರ ಜೊತೆ, ಗಂಡ ಮಕ್ಕಳ ಜೊತೆ, ಕೊನೆಗೆ ಮುದುಕಿಯಾಗಿ ಒಬ್ಬಳೇ. ಮುದುಕಿಯಾದಾಗ ಸೈಕಲ್ ನಿಲ್ಲಿಸಲು ಹೋಗುತ್ತಾಳೆ, ಅದು ಬೀಳುತ್ತದೆ. ಎತ್ತಿ ನಿಲ್ಲಿಸುತ್ತಾಳೆ, ಮತ್ತೆ ಬೀಳುತ್ತದೆ. ಕೊನೆಗೆ ಅದನ್ನು ಅಲ್ಲೇ ಬಿಟ್ಟು ದಡ ಇಳಿಯುತ್ತಾಳೆ. ಆ ಬೀಳುವ ಸೈಕಲ್‌ನಲ್ಲಿ ಅವಳ ಇಡೀ ವಯಸ್ಸು ಇದೆ. ನಾನು ಹತ್ತಾರು ಸಲ ನೋಡಿದ್ದೇನೆ, ಪ್ರತಿ ಸಲ ಅಲ್ಲಿಗೆ ಬಂದಾಗ ಗಂಟಲು ಕಟ್ಟುತ್ತದೆ. ನನ್ನ ಕೆಲಸದ ಮೇಜಿನಲ್ಲಿ ಒಂದು ಕೈಯನ್ನು ಎತ್ತಿಸಲು ಹನ್ನೆರಡು ಚಿತ್ರ ಬರೆಯುವಾಗಲೆಲ್ಲ ಆ ಸೈಕಲ್ ನೆನಪಾಗುತ್ತದೆ.

ನೋಡುವ ಜಾಗದಿಂದಲೂ ವ್ಯತ್ಯಾಸ ಆಗುತ್ತದೆ. ಆನ್ಸಿ ಆಲ್ಪ್ಸ್ ಬೆಟ್ಟಗಳ ನಡುವೆ, ಸರೋವರದ ದಡದಲ್ಲಿರುವ ಸಣ್ಣ ಊರು. ಉತ್ಸವ ಶುರುವಾದದ್ದು 1960ರಲ್ಲಿ, 1998ರಿಂದ ಪ್ರತಿ ವರ್ಷ ಜೂನ್‌ನಲ್ಲಿ ನಡೆಯುತ್ತದೆ. ಪ್ರದರ್ಶನಕ್ಕೆ ಮೊದಲು ಜನ ಕಾಗದದ ವಿಮಾನ ಮಾಡಿ ವೇದಿಕೆಯ ಕಡೆ ಎಸೆಯುತ್ತಾರೆ. ಒಂದು ವೇದಿಕೆ ಮುಟ್ಟಿದರೆ ಇಡೀ ಸಭಾಂಗಣ ಚಪ್ಪಾಳೆ. ಪರದೆಯ ಮೇಲೆ ಮೊಲ ಕಂಡರೆ "ಲಪ್ಯಾಂ" ಎಂದು ಎಲ್ಲರೂ ಕೂಗುತ್ತಾರೆ, ಫ್ರೆಂಚಿನಲ್ಲಿ ಮೊಲ ಎಂದರ್ಥ. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ನನಗೊಂದು ಕಾಗದ ಕೊಟ್ಟು ಮಡಚುವುದು ತೋರಿಸಿಕೊಟ್ಟರು. ಇಷ್ಟು ಗದ್ದಲ ಮಾಡಿದ ಜನ ಚಿತ್ರ ಶುರುವಾದ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರು. ಮೊಬೈಲಿನಲ್ಲಿ, ಬಸ್ಸಿನಲ್ಲಿ, ಬೆರಳಲ್ಲಿ ಮುಂದೆ ತಳ್ಳುತ್ತಾ ನೋಡಿದರೆ ಈ ಚಿತ್ರಗಳು ಸಿಗುವುದಿಲ್ಲ. ನಿಮಗೆ ಆದದ್ದು ಬಹುಶಃ ಅದೇ.

ಇನ್ನೊಂದು ಮಾತು. ಸ್ಪರ್ಧೆಯಲ್ಲಿ ಇವನ್ನು ಒಂದೊಂದಾಗಿ ತೋರಿಸುವುದಿಲ್ಲ. ಒಂದೂವರೆ ಗಂಟೆಯಷ್ಟರಲ್ಲಿ ಹಲವು ಚಿತ್ರಗಳನ್ನು ಒಂದರ ಹಿಂದೆ ಒಂದು ಹಾಕುತ್ತಾರೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನನ್ನ ತಲೆ ತುಂಬಿ, ಐದನೆಯದು ಕಣ್ಣ ಮುಂದೆ ಹೋದರೂ ಒಳಗೆ ಇಳಿಯಲಿಲ್ಲ. ಮನೆಯಲ್ಲಿ ನೋಡುವವರಿಗೆ ಆ ಅವಸರ ಬೇಡ. ದಿನಕ್ಕೆ ಒಂದೇ ಸಾಕು, ಆದರೆ ಎರಡು ಸಲ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಕೈ ಎಲ್ಲಿ ಕೆಲಸ ಮಾಡಿದೆ ಅಂತ ನೋಡಿ. ಎರಡು ಸಲ ನೋಡಿದರೂ ಇಷ್ಟವಾಗದಿದ್ದರೆ ಬಿಟ್ಟುಬಿಡಿ. ಸ್ಪರ್ಧೆಗೆ ಬಂದದ್ದೆಲ್ಲ ಒಳ್ಳೆಯದೇ ಆಗಿರಬೇಕೆಂದಿಲ್ಲ. ಬರೀ ವಿಚಿತ್ರವಾಗಿರುವುದನ್ನೇ ದೊಡ್ಡತನ ಅಂದುಕೊಂಡ ಚಿತ್ರಗಳನ್ನೂ ನಾನು ಅಲ್ಲಿ ನೋಡಿದ್ದೇನೆ.

ಎಲ್ಲಿಂದ ಶುರು ಮಾಡಬೇಕು ಎಂದರೆ, ಮೊದಲು ‘ಫಾದರ್ ಅಂಡ್ ಡಾಟರ್’. ಅದಾದ ಮೇಲೆ ಒಂದೇ ವಾರದಲ್ಲಿ ಎರಡು ನೀರಿನ ಚಿತ್ರ. ಒಂದು ಜಪಾನಿನ ಕುನಿಯೊ ಕಾಟೊ ಅವರದು, ‘ಲಾ ಮೇಸೋಂ ಆಂ ಪೆತಿ ಕ್ಯೂಬ್’, 2008ರಲ್ಲಿ ಆನ್ಸಿಯಲ್ಲಿ ಗೆದ್ದದ್ದು. ಊರಿನಲ್ಲಿ ನೀರು ಏರುತ್ತಾ ಬಂದ ಹಾಗೆ ಒಬ್ಬ ಮುದುಕ ಮನೆಯ ಮೇಲೆ ಮನೆ ಕಟ್ಟಿಕೊಂಡು ಬದುಕುತ್ತಾನೆ. ಒಂದು ದಿನ ಅವನ ಪೈಪು ನೀರಿಗೆ ಬೀಳುತ್ತದೆ. ಅದನ್ನು ಹುಡುಕಿಕೊಂಡು ಕೆಳಗೆ ಇಳಿದಂತೆ ಒಂದೊಂದು ಮಹಡಿಯಲ್ಲೂ ಅವನ ಹಳೆಯ ಸಂಸಾರ. ಇನ್ನೊಂದು ಕೋಲ್ಕತ್ತಾದ ಉಪಮನ್ಯು ಭಟ್ಟಾಚಾರ್ಯ ಮತ್ತು ಕಲ್ಪ್ ಸಾಂಘ್ವಿ ಅವರ ‘ವೇಡ್’, 2020ರಲ್ಲಿ ಆನ್ಸಿಗೆ ಆಯ್ಕೆಯಾದದ್ದು. ಅಲ್ಲಿಯೂ ಮುಳುಗಿದ ಊರೇ, ಆದರೆ ಅದು ಕೋಲ್ಕತ್ತಾ. ನೀರಿನಲ್ಲಿ ನಡೆದು ಹೋಗುವ ನಿರಾಶ್ರಿತರಿಗೆ ಎದುರಾಗುವುದು ಹುಲಿಗಳು. ಎರಡರ ನೀರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜಪಾನಿನ ಮುದುಕನ ನೀರು ನಿಂತ ನೀರು, ಬಣ್ಣವೂ ಮೆತ್ತಗೆ. ಕೋಲ್ಕತ್ತಾದ ನೀರಿನಲ್ಲಿ ಕಾಲಿಡಲು ನನಗೆ ಭಯವಾಯಿತು.

ಈ ಮೂರೂ ನೋಡಿದ ಮೇಲೆ, ಮೊದಲು ಅರ್ಥವಾಗದ ಆ ಚಿತ್ರಗಳಲ್ಲಿ ಒಂದನ್ನು ಆರಿಸಿಕೊಂಡು ಮತ್ತೆ ಹಾಕಿ. ಯಾವುದನ್ನು ಹಾಕಿದಿರಿ, ಅದನ್ನು ಯಾವುದರಿಂದ ಮಾಡಿದ್ದಾರೆ ಅನಿಸಿತು ಎಂದು ಇಲ್ಲೇ ಕೆಳಗೆ ಬರೆಯಿರಿ. ಗೊತ್ತಿದ್ದಷ್ಟು ಹೇಳುತ್ತೇನೆ.