ಮಾಸ್ಟರ್ ಚೀಫ್ ಥರ ಮಾತೇ ಆಡದ ಸೋಲ್ಜರ್ ಹೀರೋಗೆ ಒಂದಿಷ್ಟು ಆಳ, ಒಂದಿಷ್ಟು ದೋಷ ತರೋದು ಹೇಗೆ?

ಪ್ರಶ್ನೆ ಕೆಳಗೆ ನೀವು ಹಾಕಿರೋ ವಿವರ ಓದ್ದೆ. ಹೇಲೋ ಅನ್ನೋ ಸೈನ್ಸ್ ಫಿಕ್ಷನ್ ಶೂಟಿಂಗ್ ಗೇಮಿನ ಹೀರೋ ಮಾಸ್ಟರ್ ಚೀಫ್‌ನ ಇಟ್ಕೊಂಡು ಫ್ಯಾನ್ ಫಿಕ್ಷನ್ ಬರೀತಿದೀರ, ಅವನು ಎಷ್ಟು ಬರೆದ್ರೂ ಕಲ್ಲಿನ ಥರಾನೇ ಕಾಣ್ತಾನೆ, ಅದಕ್ಕೆ ಅವನಿಗೊಂದು ಕುಡಿತದ ಚಟ, ಸತ್ತೋಗಿರೋ ಒಬ್ಬ ಹೆಂಡ್ತಿ, ಕೊನೇಲಿ ಮಳೇಲಿ ನಿಂತು ಹೆಲ್ಮೆಟ್ ತೆಗೆದು ಅಳೋ ಸೀನ್ ಹಾಕೋಣ ಅಂತ ಪ್ಲ್ಯಾನ್. ಬೇಡ ಮಾರಾಯ್ರೆ. ಇವು ಯಾವ ಹೀರೋಗೆ ಬೇಕಾದ್ರೂ ಅಂಟಿಸಬಹುದಾದ ದೋಷಗಳು, ಅದಕ್ಕೇ ಇವನಿಗೆ ಅಂಟಲ್ಲ. ಚೀಫ್ ಹತ್ರ ಅವನದ್ದೇ ಆದ ದೊಡ್ಡ ದೋಷ 2001ರಿಂದಾನೇ ಇದೆ, ಗೇಮ್‌ಗಳು ಅದನ್ನ ಶೌರ್ಯ ಅಂತ ತೋರಿಸ್ಕೊಂಡು ಬಂದಿವೆ ಅಷ್ಟೆ. ಅವನಿಗೆ ಕೊಟ್ಟ ಕೆಲಸ ಬಿಟ್ಟು ಬೇರೆ ಏನೂ ಮಾಡೋಕೆ ಬರಲ್ಲ, ದುಃಖ ಪಡೋದನ್ನೂ ಸೇರಿಸಿ.

ಅವನ ಹಿಂದಿನ ಕತೆ ಒಂದ್ಸಲ ನಿಧಾನಕ್ಕೆ ನೋಡಿ, ಬರೀ ಗೇಮ್ ಆಡಿದವ್ರಿಗೆ ಇದು ಅರ್ಧ ಗೊತ್ತಿರಲ್ಲ. ಜಾನ್ ಅನ್ನೋ ಹುಡುಗ, ಎರಿಡಾನಸ್ 2 ಅನ್ನೋ ಗ್ರಹದೋನು, ಹುಟ್ಟಿದ್ದು 2511. ಆರು ವರ್ಷ ಆಗಿದ್ದಾಗ ಸೈನ್ಯಕ್ಕೆ ಕೆಲಸ ಮಾಡೋ ವಿಜ್ಞಾನಿ ಡಾ. ಹ್ಯಾಲ್ಸಿ ಬಂದು ಅವನ ಮುಂದೆ ಒಂದು ನಾಣ್ಯ ಚಿಮ್ಮಿ ಯಾವ ಕಡೆ ಹೇಳು ಅಂತಾಳೆ, ಹುಡುಗ ಸರಿಯಾಗಿ ಹೇಳ್ತಾನೆ. ಆಮೇಲೆ ಅವನನ್ನ ಕದ್ದು ಒಯ್ದು, ಮನೇಲಿ ಅವನ ಜಾಗಕ್ಕೆ ಒಂದು ಕ್ಲೋನ್ ಬಿಟ್ಟು ಬರ್ತಾರೆ, ಆ ಕ್ಲೋನ್‌ಗಳು ಬೇಗ ಕಾಯಿಲೆ ಬಿದ್ದು ಸಾಯೋ ಥರದವು, ಅಂದ್ರೆ ಆ ಅಪ್ಪ ಅಮ್ಮಂದಿರು ತಮ್ಮ ಮಗುನೇ ಹೋಯ್ತು ಅಂತ ಮಣ್ಣು ಮಾಡ್ಬೇಕು. ಹೀಗೆ ಕದ್ದಿದ್ದು 75 ಮಕ್ಕಳನ್ನ. ಹದಿನಾಲ್ಕನೇ ವಯಸ್ಸಿಗೆ ಎಲ್ರನ್ನೂ ಆಪರೇಷನ್ ಟೇಬಲ್ ಮೇಲೆ ಮಲಗ್ಸಿ ಮೂಳೆ, ಮಾಂಸಖಂಡ, ಕಣ್ಣು ಎಲ್ಲ ಬದಲಾಯಿಸಿದಾಗ 30 ಜನ ಸತ್ರು, 12 ಜನ ಕೈಕಾಲು ಕಳ್ಕೊಂಡ ಹಾಗಾದ್ರು, ಸ್ಪಾರ್ಟನ್ ಅನ್ನೋ ಸೈನಿಕರಾಗಿ ಎದ್ದು ಬಂದಿದ್ದು 33. ಇದೆಲ್ಲ ಏಲಿಯನ್ ಬಂದ್ರು ಅಂತ ಮಾಡಿದ್ದೂ ಅಲ್ಲ ಮತ್ತೆ, ಶುರು ಮಾಡಿದ್ದು ಮನುಷ್ಯರದ್ದೇ ಕಾಲೊನಿಗಳಲ್ಲಿ ದಂಗೆ ಎದ್ದವ್ರನ್ನ ಬಡಿಯೋಕೆ. ಆಮೇಲೆ ಕವನಂಟ್ ಅನ್ನೋ ಏಲಿಯನ್‌ಗಳ ಜೊತೆ ಯುದ್ಧ ಬಂದಿದ್ದಕ್ಕೆ ಎಲ್ರ ಪಾಪ ತೊಳೆದು ಹೋಯ್ತು.

ಇಷ್ಟು ಮಾಡಿದ ಹೆಂಗಸಿನ ಮೇಲೆ ಚೀಫ್‌ಗೆ ಕೋಪಾನೇ ಇಲ್ಲ. ನಾನು ಬರೆಯೋದಾದ್ರೆ ಇಲ್ಲಿಂದಾನೇ ಶುರು ಮಾಡ್ತೀನಿ. ಇನ್ನೂ ಒಂದು ವಿಷಯ ಸೇರಿಸ್ಕೊಳ್ಳಿ, ಚೀಫ್ ಜೊತೆಗಿರೋ ಎಐ ಕೊರ್ಟಾನಾನ ಮಾಡಿದ್ದು ಹ್ಯಾಲ್ಸಿದೇ ಮಿದುಳಿನ ಕ್ಲೋನ್‌ನಿಂದ. ಅಂದ್ರೆ ಇಡೀ ಜಗತ್ತಲ್ಲಿ ಈ ಮನುಷ್ಯ ಮನಸ್ಸು ಬಿಚ್ಚೋ ಒಂದೇ ಒಂದು ಜೀವ, ಅದೂ ತನ್ನನ್ನ ಕದ್ದೋಳ ನಕಲು. ಇಷ್ಟು ಇಟ್ಕೊಂಡು ಸತ್ತ ಹೆಂಡ್ತಿ ಯಾಕ್ರೀ ಬೇಕು ನಿಮಗೆ?

ಹೇಲೋ ಶುರು ಮಾಡಿದ ಬಂಜಿ ಕಂಪನಿಯೋರು ಮೊದಲನೇ ಗೇಮಲ್ಲಿ ಅವನನ್ನ ಬೇಕಂತಲೇ ಖಾಲಿ ಬಿಟ್ರು, ಆಡೋನು ಆ ಹೆಲ್ಮೆಟ್ ಒಳಗೆ ತಾನೇ ಕೂತ್ಕೊಳ್ಳಿ ಅಂತ. ಆಟ ಆಡುವಾಗ ಅವನು ಬಾಯಿ ಬಿಡಲ್ಲ, ಏನಿದ್ರೂ ಕಟ್‌ಸೀನಲ್ಲಿ ಎರಡು ಮಾತು, ಉಳಿದಿದ್ದೆಲ್ಲ ಕೊರ್ಟಾನಾ ಮಾತಾಡ್ತಾಳೆ. ಅದು ನಡೀತು, ಯಾಕಂದ್ರೆ ಮಾತಾಡೋಳು ಒಬ್ಳಿದ್ಲು. ಆಮೇಲೆ 2012ರಲ್ಲಿ 343 ಇಂಡಸ್ಟ್ರೀಸ್‌ನೋರು ಹೇಲೋ 4 ಮಾಡಿದಾಗ ಆ ಮಾತನ್ನೇ ಅವನಿಂದ ಕಿತ್ಕೊಂಡ್ರು. ಅಲ್ಲಿನ ಎಐಗಳ ಆಯಸ್ಸೇ ಸುಮಾರು ಏಳು ವರ್ಷ, ಕೊರ್ಟಾನಾಗೆ ಟೈಮ್ ಮುಗೀತಾ ಇದೆ, ಅವಳ ತಲೆ ಕೆಡ್ತಾ ಇದೆ, ಇವನು ಏನ್ ಹೇಳ್ತಾನೆ? ಭೂಮಿಗೆ ಹೋಗೋಣ, ಹ್ಯಾಲ್ಸಿ ಸರಿ ಮಾಡ್ತಾಳೆ. ಅದನ್ನೇ ಮತ್ತೆ ಮತ್ತೆ. ಸಾಯ್ತಿರೋರ ಪಕ್ಕ ಸುಮ್ನೆ ಕೂತ್ಕೊಳ್ಳೋಕೆ ಅವನಿಗೆ ಬರಲ್ಲ, ಅದನ್ನೂ ಒಂದು ಮಿಷನ್ ಮಾಡ್ಕೊಂಡ. ಆಡುವಾಗ ಧೈರ್ಯ ಅನ್ಸತ್ತೆ, ಎರಡನೇ ಸಲ ಆಡಿದ್ರೆ ಅವನು ತನಗೆ ತಾನೇ ಸುಳ್ಳು ಹೇಳ್ಕೊತಿದಾನೆ ಅಂತ ಕಾಣತ್ತೆ.

ಅದೇ ಗೇಮಲ್ಲಿ ಕ್ಯಾಪ್ಟನ್ ಡೆಲ್ ರಿಯೋ ಸೀನ್ ಇದ್ಯಲ್ಲ, ಅದನ್ನ ಯೂಟ್ಯೂಬಲ್ಲಿ ಹಾಕಿ ಬರೆಯೋಕೆ ಮುಂಚೆ ಇನ್ನೊಂದ್ಸಲ ನೋಡಿ. ಹಡಗಿನ ಬ್ರಿಡ್ಜ್, ಎಲ್ರೂ ನಿಂತಿದಾರೆ, ಕ್ಯಾಪ್ಟನ್ ಕೊರ್ಟಾನಾನ ಒಪ್ಪಿಸು ಅಂತ ಆರ್ಡರ್ ಕೊಡ್ತಾನೆ, ಚೀಫ್ ಆಗಲ್ಲ ಸರ್ ಅಂತಾನೆ. ದನಿ ಏರಲ್ಲ, ಮ್ಯೂಸಿಕ್ ಹೊಡೆಯಲ್ಲ, ಭಾಷಣ ಇಲ್ಲ. ಅರೆಸ್ಟ್ ಮಾಡಿ ಅಂತ ಡೆಲ್ ರಿಯೋ ಕೂಗಾಡಿದ್ರೂ ಅವನ ಮೈಮೇಲೆ ಕೈ ಹಾಕೋಕೆ ಯಾರೂ ಮುಂದೆ ಬರಲ್ಲ. ಮೂರು ಗೇಮ್ ತುಂಬಾ ಹೇಳಿದ್ದೆಲ್ಲ ಮಾಡ್ಕೊಂಡು ಬಂದೋನು ಒಂದೇ ಒಂದ್ಸಲ ಆಗಲ್ಲ ಅಂದ್ರೆ ಅದಕ್ಕೆ ಅಷ್ಟು ತೂಕ. ನಿಮ್ಮ ಕತೇಲಿ ಅವನು ಮೊದಲನೇ ಅಧ್ಯಾಯದಲ್ಲೇ ಮೇಲಿನವ್ರ ಜೊತೆ ಜಗಳ ಆಡ್ತಾನೆ ಅಂತ ಬರೆದಿದೀರ, ಹಾಗಾದ್ರೆ ಹತ್ತನೇ ಅಧ್ಯಾಯಕ್ಕೆ ಏನ್ ಉಳೀತು?

ಹೇಲೋ ಟಿವಿ ಸೀರೀಸ್ ಬಗ್ಗೆ ಎಲ್ರೂ ಬೈಯೋದು ಹೆಲ್ಮೆಟ್ ತೆಗೆದ್ರು ಅಂತ. 2022ರಲ್ಲಿ ಶುರುವಾಗಿ ಎರಡು ಸೀಸನ್‌ಗೇ 2024ರಲ್ಲಿ ನಿಂತೋಯ್ತು. ನನಗೆ ಹೆಲ್ಮೆಟ್ ತೆಗೆದಿದ್ದು ಅಂಥ ತಪ್ಪು ಅನ್ಸಲ್ಲ, ಆ ನಟ ಪ್ಯಾಬ್ಲೋ ಶ್ರೈಬರ್ ಕೂಡ ಕೆಟ್ಟದಾಗೇನೂ ಮಾಡಿಲ್ಲ. ನನಗೆ ಹಿಡಿಸದೇ ಇದ್ದಿದ್ದು ಆ ಗುಳಿಗೆ. ಸ್ಪಾರ್ಟನ್‌ಗಳ ಮೈಯೊಳಗೆ ಭಾವನೆ ಅಡಗಿಸೋ ಒಂದು ಗುಳಿಗೆ ಇಟ್ಟಿರ್ತಾರೆ, ಚೀಫ್ ಅದನ್ನ ಕಿತ್ತು ಹಾಕ್ತಾನೆ, ತಗೊಳಪ್ಪ, ಭಾವನೆ ಬಂತು. ಮೂವತ್ತು ನಲವತ್ತು ವರ್ಷ ಒಬ್ಬ ಮನುಷ್ಯನ್ನ ತಿದ್ದಿ ತೀಡಿ ಮಾಡಿರೋ ಗಾಯ ಒಂದು ಗುಳಿಗೆ ತೆಗೆದ್ರೆ ವಾಸಿ ಆಗೋದಾದ್ರೆ ಅದು ಗಾಯಾನೇ ಅಲ್ಲ, ಸ್ವಿಚ್. ದೋಷಕ್ಕೆ ಆಫ್ ಬಟನ್ ಕೊಡ್ಬೇಡಿ.

ಹೇಲೋ 5 ಇದಕ್ಕೆ ತದ್ವಿರುದ್ಧ. 2015ರ ಆ ಗೇಮಲ್ಲಿ 15 ಮಿಷನ್, ಚೀಫ್ ಆಗಿ ಆಡೋದು ಬರೀ ಮೂರು. ಅದೂ ಅವನ ಜೊತೆ ಫ್ರೆಡ್, ಕೆಲ್ಲಿ, ಲಿಂಡಾ ಇದಾರೆ, ಅದೇ ಆರು ವರ್ಷಕ್ಕೆ ಕದ್ದು ತಂದ ಮಕ್ಕಳು, ಒಟ್ಟಿಗೆ ಬೆಳೆದೋರು. ಇಂಥ ನಾಲ್ಕು ಜನ ಒಂದು ಮುರುಕು ಸ್ಟೇಷನ್ ಒಳಗೆ ನಡ್ಕೊಂಡು ಹೋಗ್ತಾ ಮಾತಾಡೋದು ಏನು, ಶತ್ರು ಎಡಕ್ಕೆ, ಶತ್ರು ಬಲಕ್ಕೆ. ಅಯ್ಯೋ ಒಬ್ರಾದ್ರೂ ನಿನಗೆ ನಿಮ್ಮಮ್ಮನ ಮುಖ ನೆನಪಿದ್ಯಾ ಅಂತ ಕೇಳ್ಬೇಕಿತ್ತು, ಚೀಫ್ ಉತ್ತರ ಕೊಡದೇ ಮುಂದೆ ಹೋಗ್ಬೇಕಿತ್ತು, ಅಷ್ಟೇ ಸಾಕಿತ್ತು. 2021ರ ಹೇಲೋ ಇನ್ಫಿನಿಟ್ ವಾಸಿ, ಅಲ್ಲಿ ಆ ಪೈಲಟ್ ತಾನು ಪೈಲಟ್ಟೇ ಅಲ್ಲ, ಭಯ ಬಿದ್ದು ಹಡಗು ಕದ್ದು ಓಡಿ ಬಂದೋನು ಅಂತ ಅಳ್ತಾನಲ್ಲ, ಅವನಿಗೆ ಸಮಾಧಾನ ಹೇಳುವಾಗ ಚೀಫ್ ತಾನೂ ಸೋತಿದೀನಿ ಅಂತ ಒಪ್ಕೋತಾನೆ. ಬೇರೆಯವ್ರ ಭಯಕ್ಕೆ ಉತ್ತರ ಕೊಡುವಾಗ ಮಾತ್ರ ಇವನ ಬಾಯಿಂದ ನಿಜ ಬರೋದು. ಈ ದಾರಿ ನಿಮಗೂ ಉಪಯೋಗ ಆಗತ್ತೆ.

ಈಗ ನಾನು ಏನ್ ಬರೀತಿದ್ದೆ ಅಂದ್ರೆ. ಹೇಲೋದ ಹಳೇ ಕಾದಂಬರೀಲಿ ಅವರ ಟ್ರೈನರ್ ಮೆಂಡೆಜ್ ಚಿಕ್ಕ ಜಾನ್‌ಗೆ ಒಂದು ಪಾಠ ಹೇಳಿರ್ತಾನೆ, ಒಬ್ಬ ಸೈನಿಕನ ಜೀವ ಖರ್ಚು ಮಾಡೋದು ಬೇರೆ, ದಂಡ ಮಾಡೋದು ಬೇರೆ ಅಂತ. ಕವನಂಟ್ ಜೊತೆಗಿನ ಮೊದಲನೇ ಕಾರ್ಯಾಚರಣೇಲೇ ಅವನ ಜೀವದ ಗೆಳೆಯ ಸ್ಯಾಮ್‌ನ ಸೂಟ್ ತೂತಾಗಿ, ಹೊರಗೆ ಗಾಳಿ ಇಲ್ಲ, ಅವನನ್ನ ಶತ್ರು ಹಡಗಲ್ಲೇ ಬಿಟ್ಟು ಜಾನ್ ಜಿಗೀಬೇಕಾಗತ್ತೆ. ಆಗ ವಯಸ್ಸು ಹದಿನಾಲ್ಕು. ಈ ಹುಡುಗ ಆವತ್ತಿಂದ ಲೆಕ್ಕ ಇಟ್ಕೊಂಡಿದಾನೆ ಅಂತ ಇಟ್ಕೊಳ್ಳಿ. ಪ್ರತಿ ಸಾವಿಗೂ ಖರ್ಚಾ ದಂಡಾನಾ ಅಂತ ಬರ್ಕೊಳ್ಳೋ ಲೆಕ್ಕ. ಆ ಲೆಕ್ಕ ಸರಿ ಹೋಗೋವರೆಗೂ ನಿಲ್ಲೋ ಹಾಗಿಲ್ಲ, ಅದು ಯಾವತ್ತೂ ಸರಿ ಹೋಗಲ್ಲ, ಅದಕ್ಕೇ ಅವನು ರಿಟೈರ್ ಆಗಲ್ಲ, ನಿದ್ದೆ ಮಾಡಲ್ಲ, ಜೊತೆಗಿರೋರನ್ನ ಜನ ಅಂತ ನೋಡೋದೇ ಕಮ್ಮಿ ಆಗ್ತಾ ಬರತ್ತೆ.

ಒಂದು ಸೀನ್ ಹೇಳ್ತೀನಿ. ಒಬ್ಬ ಇಪ್ಪತ್ತರ ಮರೀನ್ ಸತ್ತಿದಾನೆ, ಹಡಗಲ್ಲಿ ಸಣ್ಣ ಕಾರ್ಯ ಇಟ್ಕೊಂಡಿದಾರೆ, ಅವನ ಸ್ಕ್ವಾಡ್‌ನೋರು ಚೀಫ್‌ನ ಎರಡು ಮಾತಾಡಿ ಸರ್ ಅಂತಾರೆ. ಚೀಫ್ ಎದ್ದು ನಿಂತು ವರದಿ ಒಪ್ಪಿಸ್ತಾನೆ. ಎಷ್ಟು ಗಂಟೆಗೆ, ಯಾವ ಬಾಗಿಲ ಹತ್ರ, ಎಷ್ಟು ಗುಂಡು ಉಳಿದಿತ್ತು, ಆ ಬಾಗಿಲು ಎಷ್ಟು ನಿಮಿಷ ತಡೆದಿದ್ರಿಂದ ಎಷ್ಟು ಜನ ಹೊರಗೆ ಬಂದ್ರು. ಮುಗಿಸಿ ಕೂತ್ಕೋತಾನೆ. ಅವನ ಮಟ್ಟಿಗೆ ಇದಕ್ಕಿಂತ ದೊಡ್ಡ ಗೌರವ ಇಲ್ಲ, ಖರ್ಚು ಅಂತ ಬರ್ಕೊಂಡಿದಾನೆ, ದಂಡ ಅಂತಲ್ಲ. ಕೂತೋರಿಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಗಿದೆ, ಆ ಹುಡುಗನ ದೋಸ್ತ್ ಎದ್ದು ಹೊರಗೆ ಹೋಗ್ತಾನೆ, ಚೀಫ್‌ಗೆ ಯಾಕೆ ಅಂತ ಅರ್ಥ ಆಗಲ್ಲ. ಇಲ್ಲಿ ಯಾರೂ ಕೆಟ್ಟೋರಲ್ಲ, ಆದ್ರೂ ಏನೋ ಒಂದು ಮುರೀತು. ಮುಂದಿನ ಕಾರ್ಯಾಚರಣೇಲಿ ಆ ದೋಸ್ತ್ ಇವನ ಆರ್ಡರ್ ಕೇಳೋಕೆ ಅರೆಕ್ಷಣ ತಡ ಮಾಡ್ಬೇಕು, ಅದರ ಬೆಲೆ ಇನ್ಯಾರೋ ಕಟ್ಬೇಕು. ದೋಷ ಅಂದ್ಮೇಲೆ ಅದರಿಂದ ಯಾರಿಗಾದ್ರೂ ಏಟು ಬೀಳ್ಬೇಕಲ್ವಾ.

ಗೇಮ್ ಆಗಿ ಮಾಡೋದಾದ್ರೆ ಇನ್ನೂ ಸುಲಭ. ವಾರ್ಟ್‌ಹಾಗ್ ಜೀಪ್ ಓಡಿಸಿರೋರಿಗೆಲ್ಲ ಗೊತ್ತು, ಹಿಂದೆ ಗನ್ ಹಿಡ್ಕೊಂಡು ನಿಂತಿರೋ ಮರೀನ್ ಗತಿ ಏನಾಗತ್ತೆ ಅಂತ. ನಾವು ಬಂಡೆ ಮೇಲೆ ಹಾರಿಸ್ತೀವಿ, ಜೀಪ್ ಪಲ್ಟಿ, ಅವನು ಸತ್ತ, ನಾವು ಇನ್ನೊಬ್ಬನನ್ನ ಹತ್ತಿಸ್ಕೊಂಡು ಹೋಗ್ತೀವಿ, ನಗ್ತಾ ಬೇರೆ. ಗೇಮ್ ಅದನ್ನ ನೆನಪಲ್ಲಿ ಇಟ್ಕೊಂಡ್ರೆ? ನಾಲ್ಕನೇ ಸಲ ಹಾರ್ನ್ ಹೊಡೆದಾಗ ಮರೀನ್‌ಗಳು ಒಬ್ರ ಮುಖ ಒಬ್ರು ನೋಡ್ಕೊಂಡು, ನೀನ್ ಹತ್ತು ನೀನ್ ಹತ್ತು ಅಂತ ತಡ ಮಾಡಿದ್ರೆ? ಒಂದು ಡೈಲಾಗ್ ಇಲ್ದೇ ಚೀಫ್ ಎಂಥೋನು ಅಂತ ಆಡೋನ ಕೈಗೇ ಗೊತ್ತಾಗತ್ತೆ. 2012ರಲ್ಲೇ ಬಂದ ಸ್ಪೆಕ್ ಆಪ್ಸ್ ದಿ ಲೈನ್ ಅನ್ನೋ ಗೇಮ್ ಇದನ್ನ ಇನ್ನೂ ಕ್ರೂರವಾಗಿ ಮಾಡಿತ್ತು, ಕ್ಯಾಪ್ಟನ್ ವಾಕರ್ ಬಿಳಿ ರಂಜಕ ಸುರಿದು ಆಮೇಲೆ ಸುಟ್ಟು ಬಿದ್ದಿರೋ ಸಾಮಾನ್ಯ ಜನರ ಮಧ್ಯೆ ನಡೆಯೋ ಹಾಗೆ. ಚೀಫ್‌ಗೆ ಅಷ್ಟು ಕತ್ತಲೆ ಬೇಡ, ಹೇಲೋದಲ್ಲಿ ಒಂಚೂರು ತಮಾಷೆ ಉಳೀಬೇಕು.

ತಮಾಷೆ ಅಂದೆ ಅಲ್ವಾ, ಮಾತು ಕಮ್ಮಿ ಇರೋನಿಗೆ ಡೈಲಾಗ್ ಬರೆಯೋದು ಹೀಗೆ ಅಂತ ನನಗೆ ಅನ್ಸತ್ತೆ. ಹೊಸ ಸ್ಪಾರ್ಟನ್ 4ಗಳು ದೊಡ್ಡೋರಾದ್ಮೇಲೆ ತಾವೇ ಒಪ್ಪಿ ಸೇರಿರೋರು. ಅವರಲ್ಲಿ ಒಬ್ಳು ಊಟದ ಟೇಬಲಲ್ಲಿ ಸುಮ್ನೆ ಕೇಳ್ತಾಳೆ, ಸರ್ ನೀವು ಯಾಕೆ ಸೇರಿದ್ರಿ? ಚೀಫ್ ಸ್ವಲ್ಪ ಹೊತ್ತು ಬಿಟ್ಟು,

"ಟಾಸ್ ಗೆದ್ದೆ."

ಅವಳು ಜೋಕ್ ಅಂದ್ಕೊಂಡು ನಗ್ತಾಳೆ. ಇವನೂ ಜೋಕ್ ಅಂತಾನೇ ಹೇಳಿರಬಹುದು, ಗೊತ್ತಾಗಬಾರದು. ವಿವರಿಸೋಕೆ ಹೋಗ್ಬೇಡಿ, ಮುಂದಿನ ಸೀನ್‌ಗೆ ಹೋಗ್ಬಿಡಿ.

ಹ್ಯಾಲ್ಸಿ ಜೊತೆ ಮುಖಾಮುಖಿ ಸೀನ್ ನೀವು ಕೊನೆಗೆ ಇಟ್ಟಿದೀರ, ಅದು ಒಳ್ಳೇದೇ, ಆದ್ರೆ ಅಲ್ಲಿ ಅವನು ಕ್ಷಮಿಸ್ತೀನಿ ಅಂತ ಹೇಳೋ ಪ್ಯಾರಾ ತೆಗೀರಿ. ಕ್ಷಮಿಸ್ಬೇಕು ಅಂದ್ರೆ ಮೊದ್ಲು ತನಗೆ ಅನ್ಯಾಯ ಆಗಿದೆ ಅಂತ ಗೊತ್ತಾಗ್ಬೇಕು, ನಿಮ್ಮ ಕತೇಲಿ ಅವನು ಅಲ್ಲಿಗಿನ್ನೂ ಬಂದಿಲ್ಲ. ಅವಳೇ ಕ್ಷಮೆ ಕೇಳ್ಲಿ, ಇವನು ಯಾತಕ್ಕೆ ಮೇಡಂ ಅಂತ ನಿಜವಾಗ್ಲೂ ಅರ್ಥ ಆಗದೇ ಕೇಳ್ಲಿ. ಹಾಗೆ ತಿದ್ದಿ ಬರೆದ್ರೆ ಲಿಂಕ್ ಹಾಕಿ, ಓದ್ತೀನಿ.